ಒಂದು ಬಾಗಿಲು ತೆರೆಯುವಷ್ಟು ಜಾಗ

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ರಾತ್ರಿ ಸುರಿದ ಮಳೆ ನಿಂತಿದೆ, ಟಾರು ಇನ್ನೂ ಒದ್ದೆ. ಲಂಡನ್ನಿನಿಂದ ಪಶ್ಚಿಮಕ್ಕೆ ಸುಮಾರು 65 ಕಿ.ಮೀ. ದೂರದ ರೆಡಿಂಗ್ ಪಟ್ಟಣದ ಒಂದು ದೊಡ್ಡ ಸೂಪರ್ ಮಾರ್ಕೆಟ್ಟಿನ ಮುಂದೆ, ಕಾರು ನಿಲ್ಲಿಸುವ ಅಂಗಳದಲ್ಲಿ ನಿಂತಿದ್ದೇನೆ. ಅಂಗಡಿಯ ಒಳಗೆ ಇವತ್ತು ನನಗೆ ಕೆಲಸವಿಲ್ಲ. ಕೈಚೀಲದಲ್ಲಿ ಒಂದು ನೋಟ್ ಪುಸ್ತಕವಿದೆ, ಅಳಿಯನ ಟೂಲ್ ಬಾಕ್ಸಿನಿಂದ ಕೇಳಿ ತಂದ ಅಳತೆ ಟೇಪು ಇದೆ.

ನೋಡಲು ಬಂದಿರುವುದು ಅಂಗಡಿಯ ಬಾಗಿಲಿಗೆ ಹತ್ತಿರವಿರುವ ಹದಿನಾರು ಪಾರ್ಕಿಂಗ್ ಜಾಗಗಳನ್ನು. ಪ್ರತಿಯೊಂದರ ನೆಲದ ಮೇಲೂ, ದೊಡ್ಡವರೊಬ್ಬರು ತಳ್ಳುಗಾಡಿ ಹಿಡಿದು ಮಗುವಿನೊಡನೆ ನಡೆಯುತ್ತಿರುವ ಚಿತ್ರವಿದೆ. ‘ಪೇರೆಂಟ್ ಅಂಡ್ ಚೈಲ್ಡ್ ಬೇ’ ಎಂಬುದು ಇಲ್ಲಿಯವರ ಬಾಯಲ್ಲಿ ಇದರ ಹೆಸರು. ಚಿಕ್ಕ ಮಕ್ಕಳನ್ನು ಕರೆತಂದವರು ಕಾರು ನಿಲ್ಲಿಸಲಿ ಎಂದು ಬಿಟ್ಟಿರುವ ಜಾಗ. ಬ್ರಿಟನ್ನಿನ ದೊಡ್ಡ ಸೂಪರ್ ಮಾರ್ಕೆಟ್ಟುಗಳಲ್ಲೆಲ್ಲ ಸಾಮಾನ್ಯವಾಗಿ ಇದು ಇದ್ದೇ ಇರುತ್ತದೆ. ಇದರ ಸುತ್ತ ನಡೆಯುವ ವಾದ, ಮುನಿಸು, ಬೈಗುಳವೂ ಅಷ್ಟೇ ಸಾಮಾನ್ಯ.

ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಬಂದು ಎರಡು ತಿಂಗಳಾಯಿತು. ಮೊದಮೊದಲು ಈ ಜಾಗಗಳನ್ನು ನೋಡಿ, ಇದೂ ಒಂದು ಸೌಕರ್ಯ ಅಂದುಕೊಂಡು ಸುಮ್ಮನಾಗಿದ್ದೆ. ಸೌಕರ್ಯಕ್ಕೂ ಅಗತ್ಯಕ್ಕೂ ಇರುವ ಅಂತರ ತಿಳಿದದ್ದು ಮೂರು ವಾರದ ಹಿಂದೆ.

ಆ ಮಧ್ಯಾಹ್ನ

ಮಗಳಿಗೆ ಸಿಸೇರಿಯನ್ ಆಗಿತ್ತು. ಮಗುವಿಗೆ ಐದು ವಾರ. ಮನೆಯಿಂದ ಹೊರಗೆ ಹೋಗಿ ಬರುವ ಆಸೆಯಿಂದ ಅವಳೂ ಹೊರಟಳು. ಅವತ್ತು ಇನ್ನೊಂದು ಅಂಗಡಿಗೆ ಹೋಗಿದ್ದೆವು. ಮಕ್ಕಳ ಚಿತ್ರವಿದ್ದ ಜಾಗಗಳೆಲ್ಲ ತುಂಬಿದ್ದವು. ಅಳಿಯ ಎರಡು ಸುತ್ತು ಹಾಕಿ, ಕೊನೆಗೆ ಮಾಮೂಲಿ ಜಾಗವೊಂದರಲ್ಲಿ ನಿಲ್ಲಿಸಿದರು. ಎಡಪಕ್ಕ ಖಾಲಿ ಇತ್ತು. ಬಾಗಿಲು ಪೂರ್ತಿ ತೆರೆದು, ಮಗುವನ್ನು ಸೀಟಿನ ಸಮೇತ ಎತ್ತಿ, ತಳ್ಳುಗಾಡಿಯ ಮೇಲೆ ಕೂರಿಸಿ ಒಳಗೆ ಹೋದೆವು.

ಮುಕ್ಕಾಲು ಗಂಟೆ ಬಿಟ್ಟು ಬಂದರೆ ಎಡಗಡೆ ದೊಡ್ಡದೊಂದು ಕಾರು ನಿಂತಿದೆ. ಗೆರೆಯ ಒಳಗೇ ನಿಲ್ಲಿಸಿದ್ದಾರೆ, ಅವರದೇನೂ ತಪ್ಪಿಲ್ಲ. ಆದರೆ ನಮ್ಮ ಹಿಂದಿನ ಬಾಗಿಲು ಒಂದು ಗೇಣಿಗಿಂತ ಹೆಚ್ಚು ತೆರೆಯಲೊಲ್ಲದು. ಮಗು ಹಸಿದು ಅಳುತ್ತಿತ್ತು. ಅಳಿಯ ಒಬ್ಬರೇ ಕಾರಿಗೆ ಹತ್ತಿ, ಅದನ್ನು ಹಿಂದಕ್ಕೆ ತೆಗೆದು, ಓಡಾಟದ ದಾರಿಯ ನಡುವೆ ನಿಲ್ಲಿಸಬೇಕಾಯಿತು. ಹಿಂದೆ ಮೂರು ಕಾರು ಸಾಲುಗಟ್ಟಿದವು. ಮಗಳು ಒಂದು ಕೈಯನ್ನು ಹೊಟ್ಟೆಯ ಹೊಲಿಗೆಯ ಮೇಲೆ ಒತ್ತಿಕೊಂಡೇ ಬಗ್ಗಿ, ಸೀಟು ತಳದ ಕೊಂಡಿಗೆ ಕೂತು ‘ಟಕ್’ ಎನ್ನುವವರೆಗೂ ಒತ್ತಿ ಹಿಡಿದಳು. ಹಿಂದಿನಿಂದ ಯಾರೋ ಹಾರನ್ ಬಾರಿಸಿದರು.

ಮನೆಗೆ ಬರುವವರೆಗೂ ಅವಳು ಮಾತಾಡಲಿಲ್ಲ. ಗೇಟಿನ ಹತ್ತಿರ ಇಳಿಯುವಾಗ, “ಅಮ್ಮಾ, ಆ ಮಕ್ಕಳ ಜಾಗದಲ್ಲಿ ಒಂದು ಕಾರಿನೊಳಗೆ ಒಬ್ಬರೇ ಕೂತು ಸ್ಯಾಂಡ್‌ವಿಚ್ ತಿಂತಿದ್ರು, ನೋಡಿದ್ಯಾ?” ಎಂದಳು. ನೋಡಿದ್ದೆ. ಹಿಂದಿನ ಸೀಟಿನಲ್ಲಿ ಮಗುವೂ ಇರಲಿಲ್ಲ, ಮಗುವಿನ ಸೀಟೂ ಇರಲಿಲ್ಲ.

ಟೇಪು ಹೇಳುವ ಲೆಕ್ಕ

ಹಾಗಾಗಿ ಇವತ್ತು ಮೊದಲ ಕೆಲಸ ಅಳತೆ. ಇಂಗ್ಲೆಂಡಿನಲ್ಲಿ ಮಾಮೂಲಿ ಪಾರ್ಕಿಂಗ್ ಜಾಗ 2.4 ಮೀಟರ್ ಅಗಲ, 4.8 ಮೀಟರ್ ಉದ್ದ. ಬಹುಕಾಲದಿಂದ ನಡೆದು ಬಂದ ಅಳತೆ ಇದು. ನನ್ನ ಟೇಪೂ ಅದನ್ನೇ ತೋರಿಸಿತು. ಈಗಿನ ಕಾರುಗಳೋ, ಪಕ್ಕದ ಕನ್ನಡಿ ಬಿಟ್ಟೇ ಸುಮಾರು 1.8 ಮೀಟರ್ ಅಗಲ. ಅಕ್ಕಪಕ್ಕದ ಎರಡೂ ಕಾರು ತಮ್ಮ ಗೆರೆಗಳ ನಟ್ಟನಡುವೆ ನಿಂತರೂ ಅವುಗಳ ಮಧ್ಯೆ ಉಳಿಯುವುದು 60 ಸೆಂ.ಮೀ. ಅದರಲ್ಲಿ ತೆರೆದ ಬಾಗಿಲಿನ ದಪ್ಪ ಕಳೆಯಬೇಕು, ನಿಲ್ಲುವ ಮನುಷ್ಯನ ಮೈ ಕಳೆಯಬೇಕು. ಕೂಸಿನ ಸೀಟಿನ ಅಗಲವೇ 44 ಸೆಂ.ಮೀ. ಹತ್ತಿರ. ಅದನ್ನು ಅಡ್ಡಡ್ಡ ಹಿಡಿದು, ಮಗುವಿನ ತಲೆ ಬಾಗಿಲ ಚೌಕಟ್ಟಿಗೆ ತಾಗದಂತೆ ಒಳಗೆ ತಿರುಗಿಸಿ ಇಡಬೇಕು. ಮಗು, ಸೀಟು ಎರಡೂ ಸೇರಿ ಎಂಟೊಂಬತ್ತು ಕಿಲೋ ಭಾರ. ಲೆಕ್ಕ ಕೂಡುವುದೇ ಇಲ್ಲ.

ಈಗ ಮಕ್ಕಳ ಜಾಗ. ಇಲ್ಲಿ ಎರಡೆರಡು ಜಾಗಗಳ ನಡುವೆ ಓರೆ ಗೀರು ಎಳೆದ ಒಂದು ಪಟ್ಟಿ ಬಿಟ್ಟಿದ್ದಾರೆ. ಟೇಪು ಹಿಡಿದರೆ 1.2 ಮೀಟರ್. ಇದರ ಅಳತೆಗೆ ಕಾನೂನಿನ ಕಟ್ಟಳೆ ಇಲ್ಲ, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಆ ಪಟ್ಟಿಯ ಮೇಲೆ ನಿಂತು ನೋಡಿದೆ. ಬಾಗಿಲು ಪೂರ್ತಿ ತೆರೆಯುತ್ತದೆ, ತಳ್ಳುಗಾಡಿ ಬಿಚ್ಚಿ ನಿಲ್ಲಿಸಬಹುದು, ಎರಡನೆಯ ಮಗುವಿದ್ದರೆ ಅದು ಓಡಾಟದ ದಾರಿಗೆ ಇಳಿಯದೆ ಅಲ್ಲೇ ನಿಲ್ಲಬಹುದು. ಪಟ್ಟಿಯ ತುದಿಯಿಂದ ಅಂಗಡಿಯ ಬಾಗಿಲವರೆಗೂ ಕಾಲುದಾರಿ ಗುರುತಿಸಿದ್ದಾರೆ. ಟ್ರಾಲಿ ಬಿಡುವ ಚಾವಣಿ ಹತ್ತು ಹೆಜ್ಜೆ ದೂರದಲ್ಲಿದೆ. ಸಾಮಾನು ಕಾರಿಗೆ ತುಂಬಿ, ಮಕ್ಕಳನ್ನು ಕೂರಿಸಿ ಬೆಲ್ಟು ಹಾಕಿದ ಮೇಲೆ ಟ್ರಾಲಿ ವಾಪಸು ಬಿಡಲು ದೂರ ಹೋದರೆ, ಅಷ್ಟು ಹೊತ್ತು ಮಕ್ಕಳು ಕಾರಿನಲ್ಲಿ ಒಂಟಿ. ಆ ಹತ್ತು ಹೆಜ್ಜೆಯನ್ನು ಯಾರೋ ಯೋಚಿಸಿ ಇಟ್ಟಿದ್ದಾರೆ.

ಇಷ್ಟೆಲ್ಲ ಏಕೆ ಬೇಕು ಎಂದರೆ, ಈ ದೇಶದಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಕಾರಿನಲ್ಲಿ ಹೋಗುವಂತಿಲ್ಲ. 12 ವರ್ಷ ತುಂಬುವವರೆಗೆ, ಇಲ್ಲವೇ 135 ಸೆಂ.ಮೀ. ಎತ್ತರ ಮುಟ್ಟುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳ ಸೀಟು ಕಡ್ಡಾಯ. ಎತ್ತರದ ಲೆಕ್ಕದಲ್ಲಿ ತಯಾರಾದ ಹೊಸ ಬಗೆಯ ಸೀಟಾದರೆ 15 ತಿಂಗಳು ದಾಟುವವರೆಗೂ ಮಗು ಕಾರಿನ ಹಿಂಬದಿಗೆ ಮುಖ ಮಾಡಿಯೇ ಕೂರಬೇಕು. ಸೀಟು ಕಡ್ಡಾಯವಾದ ಮೇಲೆ ಅದನ್ನು ಇಳಿಸಿ ಏರಿಸುವ ಜಾಗವೂ ಬೇಕಲ್ಲವೇ?

ಒಂದು ಗಂಟೆಯಲ್ಲಿ ಕಂಡವರು

ಟೇಪು ಚೀಲಕ್ಕೆ ಹಾಕಿ ಟ್ರಾಲಿ ಚಾವಣಿಯ ಪಕ್ಕ ನಿಂತೆ.

ಮೊದಲು ಬಂದವರು ನನ್ನ ವಯಸ್ಸಿನ ದಂಪತಿ. ಮೂರು ವರ್ಷದ ಮೊಮ್ಮಗಳು ಜೊತೆಗಿದ್ದಳು. ಅಜ್ಜ ನಿಧಾನವಾಗಿ ಬೆಲ್ಟು ಬಿಚ್ಚಿ, ಅವಳ ಒಂದೊಂದೇ ಶೂ ಹುಡುಕಿ ಹಾಕಿದರು. ಹಲಗೆಯ ಮೇಲೆ ‘ಪೇರೆಂಟ್’ ಎಂದಿದ್ದರೂ ಅಜ್ಜ ಅಜ್ಜಿ, ಅತ್ತೆ, ಮಾವ, ಮಗು ನೋಡಿಕೊಳ್ಳುವವರು, ಎಲ್ಲರಿಗೂ ಈ ಜಾಗ ಸಲ್ಲುತ್ತದೆ. ಜಾಗದ ಹಕ್ಕು ಬರುವುದು ಜೊತೆಯಲ್ಲಿರುವ ಮಗುವಿನಿಂದ.

ಆಮೇಲೆ ಬಂದದ್ದು ಒಬ್ಬ ತರುಣ. ಒಬ್ಬನೇ. ಕಾರು ನಿಲ್ಲಿಸಿ ಓಡುತ್ತ ಒಳಗೆ ಹೋಗಿ, ಹಾಲಿನ ಡಬ್ಬಿ ಹಿಡಿದು ಓಡುತ್ತಲೇ ಬಂದ. ಗಡಿಯಾರ ನೋಡಿಕೊಂಡಿದ್ದೆ, ನಾಲ್ಕೇ ನಿಮಿಷ. ಆದರೆ ಆ ನಾಲ್ಕು ನಿಮಿಷದೊಳಗೆ ಹಸಿರು ಕಾರಿನ ಹೆಂಗಸೊಬ್ಬರು ಈ ಸಾಲಿಗೆ ಬಂದು, ಜಾಗ ಕಾಣದೆ ಮುಂದೆ ಹೋದರು. ಅವರ ಹಿಂದಿನ ಸೀಟಿನಲ್ಲಿ ಎರಡು ಪುಟ್ಟ ತಲೆ ಕಂಡವು. ‘ಒಂದೇ ನಿಮಿಷ’ ಎಂದು ನಿಲ್ಲಿಸಿದವರಿಗೆ ತಾವು ತಪ್ಪಿಸಿದ್ದು ಯಾರನ್ನು ಎಂಬುದು ಕಾಣುವುದೇ ಇಲ್ಲ. ಅವರು ಕಾರಿಗೆ ಮರಳುವ ಹೊತ್ತಿಗೆ ತಾಯಿ ಮುಂದೆ ಹೋಗಿಯಾಗಿರುತ್ತದೆ.

ಹನ್ನೊಂದು ವರ್ಷವಿರಬಹುದಾದ ಹುಡುಗನನ್ನು ಕರೆತಂದ ತಾಯಿಯೊಬ್ಬರು ಬಂದರು. ಹುಡುಗ ತಾನೇ ಬಾಗಿಲು ತೆರೆದು, ತಾನೇ ಇಳಿದು, ಟ್ರಾಲಿ ತರಲು ಹೋದ. ವಯಸ್ಸಿನ ಮಿತಿ ಎಲ್ಲ ಕಡೆ ಒಂದೇ ಅಲ್ಲ. ಹನ್ನೆರಡರವರೆಗೂ ಸರಿ ಎನ್ನುವ ಅಂಗಡಿಗಳಿವೆ, ಇನ್ನೂ ಚಿಕ್ಕ ಮಕ್ಕಳಿಗೆ ಮಾತ್ರ ಎನ್ನುವ ಅಂಗಡಿಗಳೂ ಇವೆ. ನಿಯಮದ ಪ್ರಕಾರ ಆ ತಾಯಿ ಸರಿಯಾಗಿಯೇ ಇರಬಹುದು. ಆದರೂ ಸಾಲಿನಲ್ಲಿ ಉಳಿದಿದ್ದ ಕೊನೆಯ ಜಾಗ ಅದು.

ಆ ಹೊತ್ತಿಗೆ ಅವಳಿ ತಳ್ಳುಗಾಡಿ ತಳ್ಳಿಕೊಂಡು ಅಂಗಡಿಯಿಂದ ಹೊರಗೆ ಬಂದ ಹೆಣ್ಣುಮಗಳೊಬ್ಬಳು ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದಳು. ಧಾರವಾಡದ ಕಡೆಯವಳು. ಮಾತಾಡಿಸಿದೆ. ಒಂದೂವರೆ ವರ್ಷದ ಅವಳಿ ಮಕ್ಕಳು. ನಾನು ಬಂದ ಕಾರಣ ಹೇಳಿದಾಗ ನಗದೆ, ಬೆರಗಾಗದೆ, ನೇರವಾಗಿ ಉತ್ತರ ಕೊಟ್ಟಳು.

“ಸನೇದಾಗ ಬ್ಯಾಡ್ರಿ ಅಮ್ಮಾರ, ಅಗಲ ಇದ್ರ ಸಾಕು. ಬೇಕಾದ್ರ ಆ ತುದಿಗೆ ಕೊಡ್ಲಿ, ನಡಕೊಂಡು ಬರ್ತೀನಿ. ಎರಡೂ ಕಡೆ ಬಾಗಲಾ ಪೂರ್ತಿ ತೆರೀಲಿಕ್ಕೆ ಬರಬೇಕು, ಅಷ್ಟ. ಒಂದನ್ನ ಕೂಡಿಸೂತನಾ ಇನ್ನೊಂದು ಓಡಿ ಹೋಗಬಾರದು.”

ನಾನು ಮೂರು ವಾರದಿಂದ ಹುಡುಕುತ್ತಿದ್ದ ಮಾತು ಇದೇ ಆಗಿತ್ತು. ಈ ಜಾಗದ ಬಗ್ಗೆ ಜಗಳವಾಡುವವರಲ್ಲಿ ಬಹಳ ಮಂದಿ ಇದನ್ನು ಬಾಗಿಲಿಗೆ ಹತ್ತಿರದ ಬಹುಮಾನ ಎಂದು ತಿಳಿದಿದ್ದಾರೆ. ‘ಮಕ್ಕಳಿದ್ದವರಿಗೆ ಮಾತ್ರ ಯಾಕೆ, ನನಗೂ ಮಂಡಿನೋವು’ ಎಂಬ ಮಾತು ಹುಟ್ಟುವುದು ಅಲ್ಲಿಂದಲೇ. ಹತ್ತಿರ ಇಟ್ಟಿರುವುದಕ್ಕೆ ಒಂದು ಕಾರಣವಿದೆ: ಹಿಂದಕ್ಕೆ ಬರುವ ಕಾರಿನವರಿಗೆ ಎರಡಡಿ ಎತ್ತರದ ಮಗು ಕಾಣುವುದು ಕಷ್ಟ. ಆದರೆ ಜಾಗದ ಜೀವಾಳ ಇರುವುದು ಅಗಲದಲ್ಲಿ. ಬಾಗಿಲು ಪೂರ್ತಿ ತೆರೆಯಬೇಕಾದ ಅಗತ್ಯ ಯಾರಿಗಿದೆಯೋ ಜಾಗ ಅವರದು. ಈ ಒಂದು ಅಳತೆಗೋಲು ಹಿಡಿದರೆ ಅರ್ಧ ಜಗಳ ತಾನಾಗಿ ತೀರುತ್ತದೆ.

ಬೋರ್ಡು, ಕ್ಯಾಮೆರಾ, ಕಾನೂನು

ಅಂಗಳದ ಪ್ರವೇಶದಲ್ಲಿ ಕಂಬಕ್ಕೆ ಒಂದು ಹಳದಿ ಬೋರ್ಡು ಕಟ್ಟಿದ್ದಾರೆ. ಇಷ್ಟು ಗಂಟೆ ಉಚಿತ, ಮೀರಿದರೆ ಇಷ್ಟು ಪೌಂಡು, ಮಕ್ಕಳಿಲ್ಲದೆ ಮಕ್ಕಳ ಜಾಗದಲ್ಲಿ ನಿಲ್ಲಿಸಿದರೂ ಅಷ್ಟೇ ಪೌಂಡು ಎಂದು ಬರೆದಿದೆ. ಇದು ಪೊಲೀಸರು ಹಾಕುವ ದಂಡವಲ್ಲ. ಮಕ್ಕಳ ಜಾಗ ಇಡಲೇಬೇಕೆಂದು ಅಂಗಡಿಗೆ ಹೇಳುವ ಕಾನೂನು ಬ್ರಿಟನ್ನಿನಲ್ಲಿಲ್ಲ. ಅಂಗಳ ಖಾಸಗಿ ನೆಲ, ಬೋರ್ಡು ಒಂದು ಕರಾರು. ಅದನ್ನು ಓದುವ ಅವಕಾಶವಿದ್ದೂ ಒಳಗೆ ಬಂದು ನಿಲ್ಲಿಸಿದರೆ ಕರಾರಿಗೆ ಒಪ್ಪಿದಂತೆ.

ಹಿಂದೆ ಇಂಥ ಖಾಸಗಿ ನೆಲದಲ್ಲಿ ಚಕ್ರಕ್ಕೆ ಬೀಗ ಜಡಿಯುವ ಪದ್ಧತಿಯಿತ್ತು. 2012ರ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದನ್ನು ನಿಲ್ಲಿಸಿತು. ಈಗ ಮನೆಗೆ ಬರುವುದು ಹಣ ಕಟ್ಟಿ ಎಂಬ ನೋಟೀಸು. ಇದರ ಬಲವೆಷ್ಟು ಎಂಬುದು 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಚೆಲ್ಮ್ಸ್‌ಫರ್ಡ್‌ನ ಒಂದು ಅಂಗಡಿ ಸಮುಚ್ಚಯದಲ್ಲಿ ಬ್ಯಾರಿ ಬೀವಿಸ್ ಎಂಬುವರು ಎರಡು ಗಂಟೆಯ ಉಚಿತ ಅವಧಿ ಮೀರಿ 56 ನಿಮಿಷ ಹೆಚ್ಚು ಕಾರು ನಿಲ್ಲಿಸಿದ್ದರು. 85 ಪೌಂಡು ವಸೂಲಿ ಅನ್ಯಾಯ ಎಂಬುದು ಅವರ ವಾದ. ನ್ಯಾಯಾಲಯ ಆ ಮೊತ್ತ ಸರಿ ಎಂದಿತು.

ಆದರೆ ಅವಧಿಯ ಲೆಕ್ಕ ಇಡುವುದು ಸುಲಭ, ಮಗುವಿನ ಲೆಕ್ಕ ಇಡುವುದು ಕಷ್ಟ. ಹಳದಿ ಜಾಕೆಟ್ ಹಾಕಿ ಟ್ರಾಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದ ನೌಕರನನ್ನು ಕೇಳಿದೆ. ಕೆಲಸ ನಿಲ್ಲಿಸದೆಯೇ ಹೇಳಿದ: “ಕ್ಯಾಮೆರಾ ನೋಡುವುದು ನಂಬರ್ ಪ್ಲೇಟು. ಹಿಂದಿನ ಸೀಟು ಅದಕ್ಕೆ ಕಾಣುವುದಿಲ್ಲ. ಮಗು ಇದೆಯೋ ಇಲ್ಲವೋ ನಾವು ಕಣ್ಣಾರೆ ನೋಡಬೇಕು. ಮಳೆಯಲ್ಲಿ ಇನ್ನೂರು ಟ್ರಾಲಿ ಕೂಡಿಸುವಾಗ ಯಾರು ನೋಡುತ್ತಾರೆ?” ಕೇಳಲು ಹೋದಾಗ ಬೈಸಿಕೊಂಡದ್ದೂ ಇದೆ ಎಂದ. ಕೊನೆಗೆ ಈ ಹದಿನಾರು ಜಾಗಗಳನ್ನು ಕಾಯುತ್ತಿರುವುದು ನಿಲ್ಲಿಸುವವರ ಮನಸ್ಸಾಕ್ಷಿಯೇ.

ಪಕ್ಕದ ಸಾಲು

ಇನ್ನೂ ಹತ್ತಿರದ ಸಾಲಿನಲ್ಲಿ ಗಾಲಿಕುರ್ಚಿಯ ಚಿತ್ರವಿರುವ ಜಾಗಗಳಿವೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅಂಗವಿಕಲರ ಪಾರ್ಕಿಂಗ್ ಹಕ್ಕಿನ ಹಿಂದೆ ದೀರ್ಘ ಹೋರಾಟವಿದೆ. ಸಂಸತ್ ಸದಸ್ಯ ಆಲ್ಫ್ ಮಾರಿಸ್ ಮಂಡಿಸಿದ ಮಸೂದೆ 1970ರಲ್ಲಿ ಕಾನೂನಾಯಿತು, ಮರುವರ್ಷ ಕಾರಿನ ಗಾಜಿನ ಹಿಂದೆ ಇಡುವ ಕಿತ್ತಳೆ ಬ್ಯಾಡ್ಜ್ ಬಂತು. 2000ದಿಂದ ಅದರ ಬಣ್ಣ ನೀಲಿ. 2010ರ ಸಮಾನತಾ ಕಾಯ್ದೆಯ ಪ್ರಕಾರ, ಅಂಗವಿಕಲರಿಗೆ ತಕ್ಕ ಅನುಕೂಲ ಮಾಡಿಕೊಡುವುದು ಅಂಗಡಿಯ ಕರ್ತವ್ಯ. ಮಕ್ಕಳ ಜಾಗ ತುಂಬಿದೆಯೆಂದು ನೀಲಿ ಬ್ಯಾಡ್ಜಿನ ಜಾಗದಲ್ಲಿ ಕಾರು ನಿಲ್ಲಿಸುವ ತಂದೆತಾಯಿಯರೂ ಇದ್ದಾರೆ. ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಮಗು ಬೆಳೆದು ಕೆಲವು ವರ್ಷದಲ್ಲಿ ತಾನೇ ಇಳಿಯುತ್ತದೆ. ಆ ಸಾಲಿನವರಲ್ಲಿ ಅನೇಕರ ಕಷ್ಟ ಬದುಕಿನುದ್ದಕ್ಕೂ ಇರುತ್ತದೆ.

ಇದರ ಇನ್ನೊಂದು ಮುಖವೂ ಇದೆ. ನೀಲಿ ಜಾಗಗಳು ತುಂಬಿದಾಗ ಬ್ಯಾಡ್ಜ್ ಇದ್ದವರೊಬ್ಬರು ಮಕ್ಕಳ ಜಾಗದಲ್ಲಿ ನಿಲ್ಲಿಸಿದರೆ ನನಗೆ ತಕರಾರಿಲ್ಲ. ಅವರಿಗೂ ಬಾಗಿಲು ಪೂರ್ತಿ ತೆರೆಯಲೇಬೇಕು.

ನಡೆದುಕೊಳ್ಳುವ ರೀತಿ

ತುಂಬು ಗರ್ಭಿಣಿಯೊಬ್ಬರು ಈ ಸಾಲನ್ನು ದಾಟಿ ಆಚೆ ತುದಿಯಲ್ಲಿ ನಿಲ್ಲಿಸಿ, ಕಾರುಗಳ ಸಂದಿಯಲ್ಲಿ ಓರೆಯಾಗಿ ಇಳಿದು ಬಂದರು. ಮಗು ಹುಟ್ಟದ ಹೊರತು ಬಹಳ ಕಡೆ ಈ ಜಾಗ ಸಲ್ಲುವುದಿಲ್ಲ. ಒಳಗೆ ಹೋಗಿ ಕೇಳಿದರೆ ಒಪ್ಪಿಗೆ ಕೊಡುವ ಅಂಗಡಿಗಳೂ ಉಂಟು. ಏಳು ತಿಂಗಳ ಹೊಟ್ಟೆ ಹೊತ್ತವರಿಗೆ ಬಾಗಿಲು ಪೂರ್ತಿ ತೆರೆಯುವುದು ಬೇಡವೇ? ಬೋರ್ಡಿನ ಮೇಲೆ ಅವರ ಹೆಸರೂ ಸೇರಬೇಕು.

ನಾನು ಕಂಡದ್ದು, ಮಗಳಿಂದ ಮತ್ತು ಆ ಧಾರವಾಡದ ಹುಡುಗಿಯಿಂದ ಕೇಳಿದ್ದು ಎಲ್ಲ ಕೂಡಿಸಿದರೆ ನಡವಳಿಕೆಯ ದಾರಿ ಸರಳವಾಗಿದೆ. ಮಗು ಜೊತೆಗಿದ್ದಾಗ ಮಾತ್ರ ನಿಲ್ಲಿಸಬೇಕು. ಹಿಂದಿನ ಸೀಟಿನಲ್ಲಿ ಖಾಲಿ ಮಕ್ಕಳ ಸೀಟು ಇದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ತಾನೇ ಇಳಿಯಬಲ್ಲ ಮಗುವಾದರೆ ಕೂಸು ತಂದವರಿಗೆ ಜಾಗ ಬಿಟ್ಟು ಸ್ವಲ್ಪ ದೂರ ಹೋಗುವುದು ಒಳ್ಳೆಯದು. ಇಬ್ಬರು ದೊಡ್ಡವರಿದ್ದು, ಒಬ್ಬರು ನಿದ್ದೆ ಹೋದ ಮಗುವಿನೊಡನೆ ಕಾರಿನಲ್ಲೇ ಕೂರುವುದಾದರೆ ಮಾಮೂಲಿ ಜಾಗ ಸಾಕು. ಗೀರಿನ ಪಟ್ಟಿಯ ಮೇಲೆ ಚಕ್ರ ಹತ್ತಿಸಿದರೆ ಪಕ್ಕದವರ ಬಾಗಿಲು ಮುಚ್ಚಿದಂತೆ. ಮಗುವನ್ನು ಕೂರಿಸಿ, ಟ್ರಾಲಿ ಬಿಟ್ಟು ಬಂದ ಮೇಲೆ ಫೋನು ನೋಡುತ್ತ ಕೂರದೆ ಜಾಗ ಬಿಡಬೇಕು, ಸುತ್ತು ಹಾಕುತ್ತಿರುವವರು ಇದ್ದೇ ಇರುತ್ತಾರೆ.

ತಪ್ಪು ಕಂಡಾಗ ಏನು ಮಾಡಬೇಕು? ಹಾರನ್ ಬಾರಿಸುವುದು, ಗಾಜಿಗೆ ಚೀಟಿ ಅಂಟಿಸುವುದು, ಫೋಟೋ ತೆಗೆದು ಊರಿಗೆಲ್ಲ ಹಂಚುವುದು ಇಲ್ಲಿ ನಡೆಯುತ್ತದೆ. ಹಾಗೆ ಮಾಡಬಾರದು. ಕಷ್ಟ ಎಲ್ಲರ ಮೈಮೇಲೂ ಬರೆದಿರುವುದಿಲ್ಲ. ಇಂಗ್ಲೆಂಡಿನಲ್ಲಿ 2019ರಿಂದ ಕಣ್ಣಿಗೆ ಕಾಣದ ತೊಂದರೆ ಇರುವವರಿಗೂ ನೀಲಿ ಬ್ಯಾಡ್ಜ್ ಕೊಡುತ್ತಿರುವುದು ಇದೇ ತಿಳಿವಳಿಕೆಯಿಂದ. ಒಂಟಿಯಾಗಿ ನಿಲ್ಲಿಸಿದಂತೆ ಕಂಡವರ ಮಗು ಒಳಗೆ ಅಜ್ಜಿಯ ಕೈಹಿಡಿದು ಹೊರಬರುತ್ತಿರಬಹುದು. ಒಳಗಿನ ಗ್ರಾಹಕರ ಕೌಂಟರಿನಲ್ಲಿ ಹೇಳಿದರೆ ಸಾಕು, ನೋಡಿಕೊಳ್ಳುವ ಹೊಣೆ ಅವರದು. ಮಗುವಿನ ಎದುರು ಅದರ ಜಾಗಕ್ಕಾಗಿ ಕೂಗಾಡಬಾರದು.

ನಾವು ಬಲ್ಲ ಮರ್ಯಾದೆ

ನಮ್ಮ ಬಸ್ಸುಗಳಲ್ಲಿ ಕಂಕುಳಲ್ಲಿ ಕೂಸು ಹೊತ್ತ ಹೆಂಗಸು ಹತ್ತಿದರೆ, ಸೀಟು ಬಿಡಲಾಗದವರೂ ಕೈಚಾಚಿ “ಮಗೂನ ಇಲ್ಲಿ ಕೊಡಿ, ನಾನು ಕೂರಿಸ್ಕೋತೀನಿ” ಎನ್ನುತ್ತಾರೆ. ಗುರುತಿಲ್ಲ, ಪರಿಚಯವಿಲ್ಲ, ಮಗು ಮಡಿಲಿಗೆ ಬಂದಿರುತ್ತದೆ. ಯಾವ ಬೋರ್ಡೂ ಹೇಳಿಕೊಡದ ಮರ್ಯಾದೆ ಅದು. ನಾನು ಅದನ್ನು ನೋಡುತ್ತಲೇ ಬೆಳೆದವಳು. ಕಾರಿನ ಗಾಜು ಏರಿಸಿದ ಮೇಲೆ ಪಕ್ಕದವರ ಕಂಕುಳಲ್ಲಿರುವ ಕೂಸು ನಮಗೆ ಕಾಣದು. ಆಗ ಆ ಮರ್ಯಾದೆ ನೆಲದ ಮೇಲಿನ ಬಣ್ಣವಾಗಬೇಕಾಗುತ್ತದೆ.

ಭಾರತದಲ್ಲೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಕಡ್ಡಾಯ ಮಾಡಿದೆ, ತಪ್ಪಿದರೆ 1000 ರೂಪಾಯಿ ದಂಡ. ಬೆಂಗಳೂರು, ಮೈಸೂರಿನ ಕಾರುಗಳಲ್ಲಿ ಮಕ್ಕಳ ಸೀಟು ಕಾಣತೊಡಗಿದೆ. ಹೊಸ ಮಾಲು, ಆಸ್ಪತ್ರೆ ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟೇ: ನೆಲಮಾಳಿಗೆಯಲ್ಲಿ ಗೆರೆ ಎಳೆಯುವ ದಿನವೇ ಲಿಫ್ಟಿನ ಬಳಿ ನಾಲ್ಕು ಅಗಲದ ಜಾಗ ಬಿಡಿ. ಅದರ ಮೇಲೆ ಮಗುವಿನ ಚಿತ್ರದೊಂದಿಗೆ ಗರ್ಭಿಣಿಯ ಚಿತ್ರವನ್ನೂ ಬರೆಸಿ.

ಹನ್ನೊಂದೂಕಾಲಿಗೆ ಅಳಿಯನ ಕಾರು ಬಂತು. ಮಗಳು, ಮೊಮ್ಮಗ ಹಿಂದಿದ್ದರು. ಸಾಲಿನ ಮೂರನೆಯ ಜಾಗ ಆಗತಾನೇ ಖಾಲಿಯಾಗಿತ್ತು. ಮಗಳು ಬಾಗಿಲನ್ನು ಅದರ ಕೊನೆಯವರೆಗೂ ತೆರೆದಳು. ಎರಡೂ ಕೈಯಿಂದ ಸೀಟು ಹಿಡಿದು, ಬೆನ್ನು ನೇರ ಮಾಡಿ ನಿಂತಳು. ಮಗು ಎಚ್ಚರಗೊಳ್ಳಲಿಲ್ಲ.

ಮುಂದಿನ ಸಲ ನೀವು ಯಾವ ಊರಿನಲ್ಲೇ ಆಗಲಿ ಅವಸರದಲ್ಲಿ ಕಾರು ನಿಲ್ಲಿಸಲು ಹೊರಟಾಗ, ನೆಲದ ಮೇಲೆ ತಳ್ಳುಗಾಡಿಯ ಚಿತ್ರ ಕಂಡರೆ ದಯವಿಟ್ಟು ಮುಂದೆ ಹೋಗಿ. ನಿಮಗೆ ನೂರು ಹೆಜ್ಜೆ ಹೆಚ್ಚಾಗಬಹುದು. ಯಾರೋ ಒಬ್ಬ ಬಾಣಂತಿಗೆ ಬಾಗಿಲು ಪೂರ್ತಿ ತೆರೆಯುತ್ತದೆ.